ಕೈಯುಳಿ, ಕತ್ತಿ, ಅಡಿಗುಂಟ

ಓದುಗರೇ, ಚಪ್ಪಲಿಯ ಉಂಗುಟ ಕಿತ್ತುಹೋದಾಗ ನೀವು ಯಾರ ಮುಂದೆ ಹೋಗಿ ನಿಲ್ಲುತ್ತೀರಿ? ರಾಯದುರ್ಗವಾಗಲಿ ಮಡಕಶಿರಾವಾಗಲಿ, ಬೀದಿಯಂಚಿನಲ್ಲಿ ಒಂದು ಗೋಣಿತಟ್ಟು ಹಾಸಿ ಕೂತವರ ಮುಂದೆ. ಅವರು ಅದನ್ನು ಸರಿಮಾಡುವಷ್ಟು ಹೊತ್ತು ಅವರ ಮುಂದಿರುವ ಸಾಮಾನನ್ನು ಗಮನಿಸಿ ನೋಡಿ. ತೂತು ಮಾಡಲು ಒಂದು ಉಳಿ, ಕೊಯ್ಯಲು ಒಂದು ಕತ್ತಿ, ಚರ್ಮದ ಕೆಳಗೆ ಆಸರೆಗೆ ಒಂದು ಗಟ್ಟಿ ಮರದ ತುಂಡು ಅಥವಾ ಕಬ್ಬಿಣ. ಉಳಿದದ್ದೆಲ್ಲ ದಾರ, ಮೇಣ, ಮೊಳೆ.

ಈ ಮೂರು ಹತ್ಯಾರುಗಳಿಗೆ ಕನ್ನಡದಲ್ಲಿ ಬಹಳ ಹಳೆಯ ದಾಖಲೆ ಇದೆ. ಬಸವಾದಿ ಶರಣರು ತಮಗಿಂತ ಹಿರಿಯನೆಂದು ಗೌರವದಿಂದ ನೆನೆದ ಮಾದಾರ ಚೆನ್ನಯ್ಯನ ವಚನಗಳು ಕೆಲವೇ ಕೆಲವು ಉಳಿದುಬಂದಿವೆ. ಅವನ ಅಂಕಿತದ ಒಳಗೇ ಕೈಯುಳಿ, ಕತ್ತಿ, ಅಡಿಗುಂಟ ಈ ಮೂರರ ಹೆಸರೂ ಇವೆ. ಇವಕ್ಕೆ ಅಡಿಯಾಳಾಗಬೇಡ, ನಿನ್ನೊಳಗಿನ ನಿಜವನ್ನು ಅರಿ ಎಂಬುದು ಆ ಅಂಕಿತದ ಭಾವ. ದೇವರ ಹೆಸರಿನ ಜೊತೆಗೆ ಕಸುಬಿನ ಸಾಮಾನನ್ನೂ ಸೇರಿಸಿ ಸಹಿ ಹಾಕಿದವನು ಅವನು. ಎಂಟು ನೂರು ವರ್ಷಗಳ ಮೇಲೂ ಆ ಮೂರು ಬದಲಾಗಿಲ್ಲ. ಮನೆಯಲ್ಲೇ ಹವ್ಯಾಸಕ್ಕೆಂದು ತೊಗಲಿನ ಕೆಲಸ ಕಲಿಯಬಯಸುವವರಿಗೂ ಇಂದಿಗೂ ಇಷ್ಟೇ ಸಾಕು.

ಈ ಕಸುಬು ನಮ್ಮ ಸೀಮೆಯಲ್ಲಿ ಹವ್ಯಾಸವಾಗಿ ಹುಟ್ಟಿದ್ದಲ್ಲ. ಅನಂತಪುರದ ಸೀಮೆ ಮಳೆಯ ನೆರಳಿನಲ್ಲಿರುವ ಸೀಮೆ. ವರ್ಷದ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್. ಕೆರೆ ಬತ್ತಿದರೆ ಬಾವಿಯೇ ಗತಿ, ಬಾವಿಯಿಂದ ನೀರೆತ್ತಲು ಕಪಿಲೆಯೇ ಗತಿ. ಜೋಡೆತ್ತು ಇಳಿಜಾರಿನಲ್ಲಿ ಇಳಿದಂತೆ ಹಗ್ಗ ಎಳೆದು, ತೊಗಲಿನ ದೊಡ್ಡ ಚೀಲದಲ್ಲಿ ನೀರು ಮೇಲೆ ಬಂದು ಕಾಲುವೆಗೆ ಸುರಿಯುತ್ತಿತ್ತು. ಆ ಚೀಲವನ್ನು ಹೊಲಿಯುವುದು, ಹರಿದರೆ ತೇಪೆ ಹಾಕುವುದು ಊರ ಮಾದಿಗರ ಕೆಲಸ. ಸುಗ್ಗಿಯಲ್ಲಿ ಕಣದಿಂದ ಅವರ ಪಾಲಿನ ಕಾಳು ಸಲ್ಲುತ್ತಿತ್ತು. ಚರ್ಮ ಹದಮಾಡಲು ಬೇಕಾದ ತಂಗಡಿಯ ತೊಗಟೆ ನಮ್ಮ ಬೀಳುಗಳಲ್ಲೇ ಸಿಗುತ್ತಿತ್ತು. ಹಳದಿ ಹೂವಿನ ಆ ಗಿಡವನ್ನು ನೀವೂ ನೋಡಿರುತ್ತೀರಿ. ಕಪಿಲೆಯ ಚೀಲ ಎಷ್ಟು ದೊಡ್ಡ ವಿಷಯವಾಗಿತ್ತೆಂದರೆ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮದರಾಸಿನಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಎಂಬ ಇಂಜಿನಿಯರು ಕ್ರೋಮ್ ಹದದ ಪ್ರಯೋಗ ಆರಂಭಿಸಿದಾಗ ಅವರ ಕಣ್ಣ ಮುಂದೆ ಇದ್ದುದೂ ಇದೇ: ನೀರಿನಲ್ಲಿ ಬೇಗ ಕೊಳೆಯದ ಚೀಲ. ಇದೇ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ಬಂದರು.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಕಥೆ ನಮಗೆಲ್ಲ ಗೊತ್ತು. ಆ ಕಥೆಗೆ ಕೈಮುಗಿಯುವ ಊರುಗಳೇ ಚರ್ಮದ ಕೆಲಸದವರನ್ನು ಬಾವಿಯ ಹತ್ತಿರ ಬರಗೊಡಲಿಲ್ಲ. ಆ ಬಾವಿಯ ನೀರು ಮೇಲೆ ಬರುತ್ತಿದ್ದುದು ಅವರೇ ಹೊಲಿದ ತೊಗಲಿನ ಚೀಲದಲ್ಲಿ! ಆಮೇಲೆ ಆಯಿಲ್ ಇಂಜಿನ್ ಬಂತು, ಕರೆಂಟಿನ ಪಂಪುಸೆಟ್ಟು ಬಂತು, ಕಪಿಲೆ ಮೂಲೆ ಸೇರಿತು. ಕಣದ ಕಾಳು ನಿಂತಿತು. ದೂರ ಇಡುವುದು ಮಾತ್ರ ಅಷ್ಟು ಬೇಗ ನಿಲ್ಲಲಿಲ್ಲ. ಇಂದು ಪಟ್ಟಣದಲ್ಲಿ ಕೈಕೆಲಸದ ಚರ್ಮದ ಪರ್ಸಿಗೆ ದುಬಾರಿ ಬೆಲೆ ಕೊಡುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಹದಮಾಡಿದ ಚರ್ಮದ ಮಾತಾಯಿತು. ಇನ್ನೊಂದು ದಾರಿಯೂ ಇದೆ. ಹದವನ್ನೇ ಮಾಡದೆ ಹಸಿ ತೊಗಲನ್ನು ಬಿಗಿದು ಒಣಗಿಸಿ ಬಳಸುವುದು. ತೊಗಲುಗೊಂಬೆಯವರ ದಾರಿ ಅದು. ಹದ ಮಾಡಿದ ಚರ್ಮ ಮೆತ್ತಗಿರುತ್ತದೆ, ಬೆಳಕನ್ನು ಬಿಡುವುದಿಲ್ಲ. ಹಸಿ ತೊಗಲು ಒಣಗಿದರೆ ಗಟ್ಟಿಯಾಗಿ, ಬೆಳಕು ಹಾಯುವಂತಾಗುತ್ತದೆ. ಹಾಗಾಗಿ ಗೊಂಬೆಯವರಿಗೆ ಹದದ ತೊಟ್ಟಿ ಬೇಕಿರಲಿಲ್ಲ, ತೊಗಟೆ ಬೇಕಿರಲಿಲ್ಲ. ಇಡೀ ಕಸುಬನ್ನು ಒಂದು ಗಂಟಿನಲ್ಲಿ ಕಟ್ಟಿಕೊಂಡು ಊರಿಂದೂರಿಗೆ ನಡೆಯಬಹುದಿತ್ತು. ನಡೆದರು ಕೂಡ. ಮನೆಯೊಳಗೆ ಮರಾಠಿಯ ಒಂದು ಬಗೆಯನ್ನು ಆಡುವ ಈ ಜನ ಕನ್ನಡದ ಊರಿನಲ್ಲಿ ಕಿಳ್ಳೇಕ್ಯಾತರಾಗಿ ಕನ್ನಡದಲ್ಲಿ ರಾಮಾಯಣ ಆಡಿಸಿದರು, ತೆಲುಗಿನ ಊರಿನಲ್ಲಿ ಬೊಮ್ಮಲಾಟದವರಾಗಿ ತೆಲುಗಿನಲ್ಲಿ ಆಡಿಸಿದರು. ನಗಿಸುವ ಜೋಡಿ ಎರಡೂ ಕಡೆ ಒಂದೇ: ನಮ್ಮಲ್ಲಿ ಕಿಳ್ಳೇಕ್ಯಾತ, ಅವರಲ್ಲಿ ಕೇತಿಗಾಡು, ಬಂಗಾರಕ್ಕ ಮಾತ್ರ ಎಲ್ಲಿ ಹೋದರೂ ಬಂಗಾರಕ್ಕನೇ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಬಳ್ಳಾರಿ ಮೈಸೂರಿಗೆ, ರಾಯದುರ್ಗ ಆಂಧ್ರಕ್ಕೆ ಹೋದಾಗ ನಮ್ಮ ಶಾಲೆ, ಕಚೇರಿಗಳ ಭಾಷೆಯ ಲೆಕ್ಕ ಬದಲಾಯಿತು. ಗೊಂಬೆಯ ಗಂಟಿಗೆ ಗಡಿ ಎಂಬುದು ಮೊದಲಿನಿಂದಲೂ ಇರಲಿಲ್ಲ.

ನಮಗೆ ಹತ್ತಿರದಲ್ಲಿ ಈ ಕಸುಬು ಇಂದಿಗೂ ಉಳಿದಿರುವುದು ಧರ್ಮಾವರಂ ಬಳಿಯ ನಿಮ್ಮಲಕುಂಟ ಗ್ರಾಮದಲ್ಲಿ. 2022ರಲ್ಲಿ ಜಿಲ್ಲೆ ಒಡೆದ ಮೇಲೆ ಆ ಊರೂ ಮಡಕಶಿರಾವೂ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ. ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ನಿಮ್ಮಲಕುಂಟದ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂದದ್ದು ನಿಮಗೆ ನೆನಪಿರಬಹುದು. ಹಿಂದೆ ದೇವರು ಮತ್ತು ನಾಯಕರ ಗೊಂಬೆಗೆ ಹುಲ್ಲೆಯ ತೊಗಲು, ಭೀಮ, ರಾವಣರಂಥ ಏಟು ತಿನ್ನುವ ಪಾತ್ರಕ್ಕೆ ಜಿಂಕೆಯದು, ಉಳಿದವಕ್ಕೆ ಮೇಕೆಯದು ಎಂಬ ಕಟ್ಟಳೆ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ರಾಮನೂ ಮೇಕೆಯ ತೊಗಲಿಗೇ ಇಳಿದ. ಹರಳೆಣ್ಣೆಯ ದೀಪ ಹೋಗಿ ಪೆಟ್ರೋಮ್ಯಾಕ್ಸ್ ಬಂತು, ಅದೂ ಹೋಗಿ ಬಲ್ಬು ಬಂತು. ರಾತ್ರಿಯಿಡೀ ಆಟ ನೋಡುವವರು ಕಡಮೆಯಾದಂತೆ ಅದೇ ಉಳಿ, ಅದೇ ತೊಗಲು ದೀಪದ ಮರೆಯಾಗಿ, ಬಾಗಿಲ ತೋರಣವಾಗಿ ಮಾರಾಟಕ್ಕೆ ಹೊರಟವು. ಇದನ್ನು ಇಳಿಮುಖವೆಂದು ಕೊರಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕೈಗೆ ಕೆಲಸವಿದ್ದರೆ ತಾನೇ ಮಗ ಅಪ್ಪನ ಪಕ್ಕ ಕೂರುವುದು?

ನೀವೇ ಒಂದು ಸಣ್ಣ ಗೊಂಬೆಯನ್ನೋ ದೀಪದ ಮರೆಯನ್ನೋ ಮಾಡಿ ನೋಡುವುದಾದರೆ, ಹಳಬರ ಕೆಲಸದಿಂದ ಕಲಿಯುವುದು ಬೇಕಷ್ಟಿದೆ. ಮೇಕೆಯ ತೊಗಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮಾತ್ರ ನೆನೆಸಿ. ನೀರು ಸುಡುವಂತಿದ್ದರೆ, ಅಂದರೆ 60 ಡಿಗ್ರಿ ದಾಟಿದರೆ, ಹಸಿ ತೊಗಲು ಮುರುಟಿಕೊಳ್ಳುತ್ತದೆ, ಮತ್ತೆ ಹಿಗ್ಗುವುದಿಲ್ಲ. ಕೂದಲು, ಮಾಂಸದ ಪದರ ಕೆರೆದು ತೆಗೆದು, ಚೌಕಟ್ಟಿಗೆ ಎಲ್ಲ ಕಡೆಯಿಂದಲೂ ಬಿಗಿದು ಒಣಗಿಸಿ. ಗೆರೆಯನ್ನು ಮೊದಲು ಸೂಜಿಮೊನೆಯಿಂದ ಗೀಚಿ, ಆಮೇಲೆ ಕಪ್ಪು ಶಾಯಿ. ತೂತು ಹೊಡೆಯುವಾಗ ಕೆಳಗೆ ಮರದ ದಿಮ್ಮಿ ಇರಲಿ. ಕಲ್ಲಿನ ಮೇಲೆ ಹೊಡೆದರೆ ಉಳಿಯ ಬಾಯಿ ಒಂದೇ ದಿನಕ್ಕೆ ಮೊಂಡು. ಉಳಿ ಸಿಕ್ಕಿಕೊಳ್ಳುತ್ತಿದ್ದರೆ ಅದರ ತುದಿಯನ್ನು ಜೇನುಮೇಣಕ್ಕೆ ಒಮ್ಮೆ ಚುಚ್ಚಿ ತೆಗೆಯಿರಿ. ಒಳಗಿನ ಸಣ್ಣ ತೂತುಗಳೆಲ್ಲ ಮುಗಿದ ಮೇಲೆಯೇ ಹೊರ ಅಂಚನ್ನು ಕೊಯ್ಯಿರಿ, ಆಗ ತೊಗಲು ಕೊನೆಯವರೆಗೂ ಬಿಗಿಯಾಗಿ ಕೈಗೆ ಒದಗುತ್ತದೆ. ಬಣ್ಣ ಎರಡೂ ಮುಖಕ್ಕೆ ಬೇಕು. ಕೆಲಸ ಮುಗಿದ ಮೇಲೆ ಇಲಿಗೆ ಸಿಗದ ಹಾಗೆ ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ ಇಡಿ. ಹಸಿ ತೊಗಲು ಅದಕ್ಕೆ ಊಟ. ಸಮುದ್ರದಾಚೆ ಜಾವಾ ದ್ವೀಪದಲ್ಲಿ ಎಮ್ಮೆಯ ತೊಗಲಿನಿಂದ ಗೊಂಬೆ ಕೊರೆಯುವವರ ಮುಂದೆಯೂ ಇಷ್ಟೇ: ಹಲವು ಉಳಿ, ಒಂದು ಮರದ ಕೊಡತಿ, ಒಂದು ದಿಮ್ಮಿ.

ಹದಮಾಡಿದ ಚರ್ಮದಲ್ಲಿ ಪರ್ಸು, ಪಟ್ಟಿ ಮಾಡುವವರಿಗೆ ರಾಯದುರ್ಗದಲ್ಲಿ ಒಂದು ಆಸೆ ಹುಟ್ಟುವುದು ಸಹಜ. ಜೀನ್ಸ್ ಹೊಲಿಯುವ ಊರು, ಎಲ್ಲಿ ನೋಡಿದರೂ ಹೊಲಿಗೆ ಯಂತ್ರ. ಅದರ ಮೇಲೆ ಚರ್ಮವನ್ನೂ ಓಡಿಸಿಬಿಡೋಣ ಎನ್ನಿಸುತ್ತದೆ. ಬೇಡಿ. ಬಟ್ಟೆಯಲ್ಲಿ ಸೂಜಿಯ ತೂತು ಮುಚ್ಚಿಕೊಳ್ಳುತ್ತದೆ, ಚರ್ಮದಲ್ಲಿ ಮುಚ್ಚುವುದಿಲ್ಲ. ಹೊಲಿಗೆ ತಪ್ಪಿದರೆ ಆ ತೂತು ಹಾಗೆಯೇ ಉಳಿಯಿತು. ಯಂತ್ರದ ಹೊಲಿಗೆಯಲ್ಲಿ ಒಂದು ಕಡೆ ದಾರ ಸವೆದು ಹರಿದರೆ ಸಾಲು ಬಿಚ್ಚಿಕೊಳ್ಳಲು ತೊಡಗುತ್ತದೆ. ಅಡುಗೆಮನೆಯ ಮುಳ್ಳುಚಮಚವನ್ನು ಅಂಚಿನುದ್ದಕ್ಕೂ ಒತ್ತಿಕೊಂಡು ಹೋದರೆ ಸಮ ಅಂತರದ ಗುರುತು ಮೂಡುತ್ತದೆ. ಆ ಗುರುತಿನ ಮೇಲೆ ಕೈಯುಳಿಯಿಂದ ತೂತು ಮಾಡಿ, ಮೇಣ ಹಚ್ಚಿದ ಒಂದೇ ದಾರದ ಎರಡು ತುದಿಗೂ ಸೂಜಿ ಪೋಣಿಸಿ, ಪ್ರತಿ ತೂತಿನಲ್ಲೂ ಎರಡು ಕಡೆಯಿಂದ ಹಾಯಿಸಿ ಎಳೆಯಿರಿ. ಒಂದು ಎಳೆ ಹರಿದರೂ ಇನ್ನೊಂದು ಹಿಡಿದಿರುತ್ತದೆ. ಮುಂದಿನ ಸಲ ಚಪ್ಪಲಿ ಹೊಲಿಸಲು ಹೋದಾಗ ಹಣ ಕೊಟ್ಟು ಹಾಗೆಯೇ ಹೊರಟುಬಿಡದೆ, ಎರಡೂ ಎಳೆಯನ್ನು ಎಷ್ಟು ಬಿಗಿ ಎಳೆಯಬೇಕು ಎಂದು ಅಲ್ಲಿ ಕೂತವರನ್ನೇ ಕೇಳಿ. ಬರೆದು ತಿಳಿಸಲಾಗದ್ದು ಅದೊಂದೇ.