ವೃದ್ಧರ ಆಸ್ಪತ್ರೆಯಲ್ಲಿ ನರ್ಸುಗಳು ಉಳಿಯುವುದೇಕೆ? ಜಪಾನಿನ ದೀರ್ಘಾವಧಿ ವಾರ್ಡುಗಳ ನೆಲೆಯಿಂದ

ನರ್ಸುಗಳು ಕೆಲಸ ಬಿಡುವುದೇಕೆ ಎಂದು ಶೋಧಿಸಿದವರು ಬಹಳ; ಉಳಿಯುವುದೇಕೆ ಎಂದು ಕೇಳಿದವರು ಕಡಿಮೆ. 1983ರಲ್ಲಿ ಪ್ರಕಟವಾದ ಅಮೆರಿಕದ ‘ಮ್ಯಾಗ್ನೆಟ್ ಆಸ್ಪತ್ರೆ’ ಅಧ್ಯಯನ ಈ ಎರಡನೆಯ ಪ್ರಶ್ನೆಯನ್ನು ಎತ್ತಿಕೊಂಡಿತು. ಕೊರತೆಯ ಕಾಲದಲ್ಲೂ ನರ್ಸುಗಳನ್ನು ಉಳಿಸಿಕೊಂಡಿದ್ದ 41 ಆಸ್ಪತ್ರೆಗಳಲ್ಲಿ ಅದಕ್ಕೆ ಎದ್ದು ಕಂಡದ್ದು, ಶುಶ್ರೂಷೆಯ ತೀರ್ಮಾನಗಳಲ್ಲಿ ನರ್ಸುಗಳಿಗಿದ್ದ ಸ್ವಾತಂತ್ರ್ಯ. ರೋಗಿ ಗುಣವಾಗಿ ಮನೆಗೆ ಹೋಗುವ ಭರವಸೆಯೇ ಇಲ್ಲದ ಕಡೆ ಈ ಮಾತು ನಿಲ್ಲುತ್ತದೆಯೆ?

ಜಪಾನ್ 1973ರಲ್ಲಿ 70 ವರ್ಷ ದಾಟಿದವರಿಗೆ ಚಿಕಿತ್ಸೆಯನ್ನು ಉಚಿತಗೊಳಿಸಿತು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ವೃದ್ಧರು ಆಸ್ಪತ್ರೆಗಳಲ್ಲೇ ವರ್ಷಗಟ್ಟಲೆ ಉಳಿಯತೊಡಗಿದರು. 2000ದಲ್ಲಿ ವೃದ್ಧರ ದೀರ್ಘಾವಧಿ ಆರೈಕೆಯ ವೆಚ್ಚಕ್ಕೆಂದು ಆರೈಕೆ ವಿಮೆ ಬಂತು. 2006ರ ಶುಲ್ಕ ಪರಿಷ್ಕರಣೆ 7 ರೋಗಿಗಳಿಗೆ ಒಬ್ಬ ನರ್ಸ್ ಇರುವ ವಾರ್ಡುಗಳಿಗೆ ಹೆಚ್ಚಿನ ದರ ಕೊಟ್ಟಿತು. ದೊಡ್ಡ ಆಸ್ಪತ್ರೆಗಳು ಪೈಪೋಟಿಗೆ ಬಿದ್ದು ನರ್ಸುಗಳನ್ನು ಸೆಳೆದುಕೊಂಡವು. ದೀರ್ಘಾವಧಿ ವಾರ್ಡುಗಳಲ್ಲಿ ಈಗಿನ ಅಳತೆ 20ಕ್ಕೆ ಒಬ್ಬರು, ಜೊತೆಗೆ ಸಹಾಯಕರು. ಹಾಗಿದ್ದೂ ಇಲ್ಲಿ ನಿಂತವರಿದ್ದಾರೆ.

ಅವರು ನಿಂತದ್ದೇಕೆಂಬುದಕ್ಕೆ ಸುಳಿವು, ನನ್ನ ದೃಷ್ಟಿಯಲ್ಲಿ, ರೋಗಿಗಳನ್ನು ಕಟ್ಟಿಹಾಕುವ ಪದ್ಧತಿಯ ವಿರುದ್ಧ ನಡೆದ ಚಳವಳಿಯಲ್ಲಿದೆ. ಆಹಾರ ಕೊಡಲು ಹಾಕಿದ ಮೂಗಿನ ನಳಿಕೆ ಕಿತ್ತುಕೊಳ್ಳುತ್ತಾರೆಂದು ವೃದ್ಧರ ಕೈಗೆ ದಪ್ಪ ಗವಸು ತೊಡಿಸುವುದು, ಮಂಚದ ಕಂಬಿಗೆ ಕಟ್ಟುವುದು ಅಲ್ಲಿ ವಾಡಿಕೆಯಾಗಿತ್ತು. ಹಾಚಿಯೋಜಿ ನಗರದ ಕಾಮಿಕಾವಾ ಆಸ್ಪತ್ರೆಯ ನರ್ಸುಗಳು ಇದನ್ನು ಕೈಬಿಟ್ಟರು. 1998ರಲ್ಲಿ ಫುಕುವೊಕಾದ 10 ಆಸ್ಪತ್ರೆಗಳು ಕಟ್ಟುವುದನ್ನು ನಿಲ್ಲಿಸುವ ಘೋಷಣೆ ಹೊರಡಿಸಿದವು. ಆರೈಕೆ ವಿಮೆಯ ಸಂಸ್ಥೆಗಳಲ್ಲಿ 2000ದಿಂದ ಅದಕ್ಕೆ ನಿಷೇಧವೂ ಬಂತು.

ಗವಸು ತೆಗೆಯಬೇಕಾದರೆ ಆ ಕೈ ನಳಿಕೆಯತ್ತ ಯಾಕೆ ಹೋಗುತ್ತದೆಂದು ತಿಳಿಯಬೇಕು. ಪ್ಲಾಸ್ಟರ್ ಕೆಳಗಿನ ಚರ್ಮ ತುರಿಸುತ್ತಿರಬಹುದು, ಬಾಯಿ ಒಣಗಿರಬಹುದು, ಡಯಾಪರ್ ಒದ್ದೆಯಾಗಿರಬಹುದು. ಬಾಯಿ ಶುಚಿ ಮಾಡಿ, ನೇರವಾಗಿ ಕೂರಿಸಿ, ಒಂದು ಚಮಚ ಜೆಲ್ಲಿ ನುಂಗಿಸಿ ನೋಡಿದರೆ ಕೆಲವರಿಗೆ ನಳಿಕೆಯೇ ಬೇಡವಾಗುತ್ತದೆ. ಇವನ್ನೆಲ್ಲ ಗಮನಿಸುವವರು ದಿನವಿಡೀ ಹಾಸಿಗೆಯ ಬಳಿ ಇರುವ ನರ್ಸುಗಳೇ ಹೊರತು, ರೌಂಡ್ಸ್‌ಗೆ ಬಂದುಹೋಗುವ ವೈದ್ಯರಲ್ಲ. ತುರ್ತು ವಾರ್ಡಿಗಿಂತ ವೃದ್ಧರ ವಾರ್ಡಿನಲ್ಲಿ ಶುಶ್ರೂಷೆಯ ವಿವೇಚನೆಗೆ ಹೆಚ್ಚು ಜಾಗವಿದೆ. ಆ ಜಾಗ ಕೊಟ್ಟ ಆಡಳಿತ ತನ್ನ ನರ್ಸುಗಳಿಗೆ ಉಳಿಯಲು ಕಾರಣವನ್ನೂ ಕೊಟ್ಟಂತೆ.

ಹಾಗೆಂದು ಸಂಬಳ, ಸಿಬ್ಬಂದಿ ಸಂಖ್ಯೆಗಳನ್ನು ಬದಿಗಿಡಲಾಗದು. ಮನಶ್ಶಾಸ್ತ್ರಜ್ಞ ಹರ್ಜ್‌ಬರ್ಗ್ 1959ರಲ್ಲೇ ವಾದಿಸಿದಂತೆ, ಸಂಬಳದ ಕೊರತೆ ಅತೃಪ್ತಿ ತರುತ್ತದೆ, ಆದರೆ ಸಂಬಳವೊಂದೇ ತೃಪ್ತಿ ಕೊಡುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಮೇಲೆ ಶುಶ್ರೂಷಾ ಸಂಶೋಧಕಿ ಲಿಂಡಾ ಏಕನ್ ಅವರ ತಂಡ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಬಳಲಿ ಬೇಸತ್ತುಹೋಗುವ ಸಂಭವನೀಯತೆಯ ಅನುಪಾತ 23% ಏರುತ್ತದೆ. ರಾತ್ರಿ ಪಾಳಿಗೆ ಒಬ್ಬ ನರ್ಸ್, ಒಬ್ಬ ಸಹಾಯಕಿ ಮಾತ್ರ ಇರುವ ವಾರ್ಡಿನಲ್ಲಿ ಗವಸು ಬಿಚ್ಚಿ ಎಂಬ ಸುತ್ತೋಲೆ ಬರೀ ಹೊರೆ.

2018ರಲ್ಲಿ ಆರಂಭವಾದ ‘ಕೈಗೊ ಇರ್ಯೊಇನ್’ ಎಂಬ ಹೊಸ ಬಗೆಯ ಸಂಸ್ಥೆಗಳಿಗೆ ದಾರಿ ಬಿಟ್ಟು, ಆರೈಕೆ ವಿಮೆಯಡಿಯ ಹಳೆಯ ವಾರ್ಡುಗಳು 2024ರ ಮಾರ್ಚಿಗೆ ಮುಗಿದವು. ಹೊಸ ಸಂಸ್ಥೆಗಳು ನೇಮಕಾತಿಯ ಜಾಹೀರಾತಿಗೆ ಮೊದಲು ಶುಶ್ರೂಷೆಯ ತೀರ್ಮಾನ ಯಾರದೆಂಬುದನ್ನು ಬರೆದಿಡಲಿ.