ಪ್ರನಾಳಶಿಶುವಿನ ಹಿರಿಮೆ ಯಾರದು?

ದಾಬಸ್‌ಪೇಟೆ, ಶಿವಗಂಗೆಯ ಸೀಮೆಯಲ್ಲಿ ಅಶ್ವತ್ಥಕಟ್ಟೆಯ ಮೇಲಿನ ನಾಗರಕಲ್ಲುಗಳನ್ನು ನೋಡದವರುಂಟೆ? ಅವುಗಳಲ್ಲಿ ಎಷ್ಟೋ ಕಲ್ಲುಗಳು ಸಂತಾನಕ್ಕಾಗಿ ಹರಕೆ ಹೊತ್ತವರು ನಿಲ್ಲಿಸಿದವು. ಕಟ್ಟೆಗೆ ಪ್ರದಕ್ಷಿಣೆ ಬರುವವಳು ಮಾತ್ರ ಹೆಂಡತಿ. ಕೊರತೆ ಗಂಡನಲ್ಲಿಯೂ ಇರಬಹುದೆಂಬ ಮಾತನ್ನು ಹಿಂದಿನವರು ಎತ್ತುತ್ತಲೇ ಇರಲಿಲ್ಲ. ಇಂದು ಇದೇ ಸೀಮೆಯ ದಂಪತಿಗಳು ಸುಮಾರು 50 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ ವೈದ್ಯರನ್ನು ಕಾಣುತ್ತಾರೆ. ಆ ಚಿಕಿತ್ಸೆ ನಮ್ಮ ದೇಶದಲ್ಲಿ ಮೊದಲಾದ ಕಥೆಯಲ್ಲಿ ಬೆಂಗಳೂರಿಗೂ ಒಂದು ಪಾತ್ರವುಂಟು.

ಸ್ತ್ರೀಯ ಅಂಡವನ್ನು ಹೊರತೆಗೆದು, ಗಾಜಿನ ಪಾತ್ರೆಯಲ್ಲಿ ಪುರುಷನ ವೀರ್ಯಾಣುವಿನೊಡನೆ ಕೂಡಿಸಿ, ಬೆಳೆದ ಭ್ರೂಣವನ್ನು ಗರ್ಭಕೋಶದಲ್ಲಿ ಇರಿಸುವುದು ಈ ವಿಧಾನ. ಇಂಗ್ಲೆಂಡಿನಲ್ಲಿ ಎಡ್ವರ್ಡ್ಸ್ ಮತ್ತು ಸ್ಟೆಪ್ಟೋ ಅವರ ಯತ್ನದಿಂದ 1978ರ ಜುಲೈ 25ರಂದು ಮೊದಲ ಶಿಶು ಹುಟ್ಟಿತು. ಅದಾದ 70 ದಿನಗಳಿಗೆ, ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯೋಗದಿಂದ 'ದುರ್ಗಾ' ಹುಟ್ಟಿದಳು. ಅವರು ಔಷಧ ಕೊಟ್ಟು ಹೆಚ್ಚು ಅಂಡಗಳನ್ನು ಪಡೆದರು. ಭ್ರೂಣವನ್ನು ಹೆಪ್ಪುಗಟ್ಟಿಸಿ ಕಾಪಾಡಿ ಆಮೇಲೆ ಬಳಸಿದರು. ಇವೆರಡೂ ಇಂದು ಎಲ್ಲೆಡೆ ವಾಡಿಕೆಯಲ್ಲಿವೆ.

ಆದರೆ ನಂಬಿದವರಾರು? ಪಶ್ಚಿಮ ಬಂಗಾಳದ ಸರ್ಕಾರ ಒಂದು ವಿಚಾರಣಾ ಸಮಿತಿಯನ್ನು ನೇಮಿಸಿತು. ಅದರ ಅಧ್ಯಕ್ಷರು ರೇಡಿಯೋ ಭೌತವಿಜ್ಞಾನಿ! ರೇಡಿಯೋ ಇಟ್ಟುಕೊಂಡ ನಾವು ಆ ಶಾಸ್ತ್ರವನ್ನು ಹೀಗಳೆಯುವಂತಿಲ್ಲ. ಆದರೆ ಭ್ರೂಣದ ವಿಚಾರಕ್ಕೆ ಅದರಿಂದ ಏನು ನೆರವಾದೀತು? ಸಮಿತಿಯು ಮುಖರ್ಜಿಯವರ ಮಾತನ್ನು ತಳ್ಳಿಹಾಕಿತು. ಜಪಾನಿಗೆ ಹೋಗಿ ವಿದ್ವಾಂಸರ ಮುಂದೆ ತಮ್ಮ ಕೆಲಸವನ್ನು ವಿವರಿಸಲು ಅವರಿಗೆ ಅನುಮತಿ ದೊರೆಯಲಿಲ್ಲ. 1981ರಲ್ಲಿ ಅವರನ್ನು ಕಣ್ಣಿನ ಚಿಕಿತ್ಸೆಯ ಸಂಸ್ಥೆಗೆ ವರ್ಗ ಮಾಡಿದರು. ಆ ವರ್ಷದ ಜೂನ್ 19ರಂದು ಅವರು ಆತ್ಮಹತ್ಯೆ ಮಾಡಿಕೊಂಡರು.

1986ರ ಆಗಸ್ಟ್ 6ರಂದು ಮುಂಬಯಿಯಲ್ಲಿ 'ಹರ್ಷಾ' ಹುಟ್ಟಿದಾಗ, ಭಾರತದ ಮೊದಲ ಪ್ರನಾಳಶಿಶು ಇದೇ ಎಂದು ದೇಶವೆಲ್ಲ ಕೊಂಡಾಡಿತು. ಆ ಕೀರ್ತಿ ಡಾ. ಇಂದಿರಾ ಹಿಂದುಜಾ ಮತ್ತು ವಿಜ್ಞಾನಿ ಡಾ. ಟಿ. ಸಿ. ಆನಂದ ಕುಮಾರ್ ಅವರದು. ಆನಂದ ಕುಮಾರ್ ಮುಂದೆ ಬೆಂಗಳೂರಿನಲ್ಲಿ ನೆಲೆಸಿ, ಬಂಜೆತನದ ಚಿಕಿತ್ಸಾಲಯವೊಂದನ್ನು ಸ್ಥಾಪಿಸಿದರು.

ಮುಖರ್ಜಿಯವರು ಬರೆದಿಟ್ಟಿದ್ದ ಕಾಗದಪತ್ರಗಳನ್ನು ಅವರು ಕಲ್ಕತ್ತೆಯಲ್ಲಿ ಓದಿ ನೋಡಿದರು. ಓದಿದ ಮೇಲೆ ಸುಮ್ಮನಿದ್ದಿದ್ದರೆ ಕೇಳುವವರಿರಲಿಲ್ಲ. ಮೊದಲಿಗನೆಂಬ ಹೆಸರು ತಮ್ಮಲ್ಲಿಯೇ ಉಳಿಯುತ್ತಿತ್ತು. ಆದರೆ 1997ರ ಏಪ್ರಿಲಿನಲ್ಲಿ, ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ, ಭಾರತದ ಮೊದಲ ಪ್ರನಾಳಶಿಶುವಿನ ಹಿರಿಮೆ ಮುಖರ್ಜಿಯವರಿಗೇ ಸಲ್ಲತಕ್ಕದ್ದೆಂದು ಅವರು ಬರೆದರು. ದುರ್ಗಾಳಿಗೆ ಆಗ ಹದಿನೆಂಟು ತುಂಬಿತ್ತು. ಮುಖರ್ಜಿಯವರು ತೀರಿಹೋಗಿ ಹದಿನಾರು ವರ್ಷವಾಗುತ್ತ ಬಂದಿತ್ತು.