ಆಟೊಫೋನಿ

ದೇಹದೊಳಗಿನ ಸದ್ದುಗಳು ಸ್ವಂತ ಕಿವಿಗೆ ಅಸಹಜವಾಗಿ ಜೋರಾಗಿ ಕೇಳಿಸುವ ಲಕ್ಷಣ. ಮಾತಾಡಿದರೆ ದನಿ ತಲೆಯೊಳಗೆ ಮೊಳಗುತ್ತದೆ, ಉಸಿರು ಕಿವಿಯಲ್ಲೇ ಬುಸುಗುಟ್ಟುತ್ತದೆ, ಹಪ್ಪಳ ಅಗಿದರೆ ಎದುರಿನವರ ಮಾತು ಮುಚ್ಚಿಹೋಗುತ್ತದೆ. ಹಿಮ್ಮಡಿ ನೆಲಕ್ಕೆ ತಾಗುವ ಸದ್ದು, ನಾಡಿಬಡಿತ, ಕೆಲವರಿಗೆ ಕಣ್ಣುಗುಡ್ಡೆ ಹೊರಳುವ ಸದ್ದೂ ಕೇಳಿಸುವುದುಂಟು. ಇದು ಸ್ವತಃ ಕಾಯಿಲೆಯಲ್ಲ, ಬೇರೊಂದು ದೋಷದ ಸೂಚನೆ. ಕಿವಿಮೊರೆತದಲ್ಲಿ ಸಾಮಾನ್ಯವಾಗಿ ಸದ್ದಿಗೆ ಮೂಲವೇ ಇರುವುದಿಲ್ಲ; ಇಲ್ಲಿ ಸದ್ದು ದೇಹದಲ್ಲಿ ನಿಜವಾಗಿಯೂ ಹುಟ್ಟಿರುತ್ತದೆ. ಆದ್ದರಿಂದ ರೋಗಿಯ ಮಾತನ್ನು ಮನಸ್ಸಿನ ಭ್ರಮೆಯೆಂದು ತಳ್ಳಿಹಾಕುವುದು ತಪ್ಪು.

ಪ್ರಾಚೀನ ಉಲ್ಲೇಖಗಳು: ಸುಶ್ರುತಸಂಹಿತೆ 28 ಕರ್ಣರೋಗಗಳನ್ನು ಎಣಿಸುತ್ತದೆ, ಕರ್ಣನಾದ, ಕರ್ಣಕ್ಷ್ವೇಡಗಳು ಅವುಗಳಲ್ಲಿ ಸೇರಿವೆ. ಇವು ಇಂದಿನ ಕಿವಿಮೊರೆತಕ್ಕೆ ಹೆಚ್ಚು ಹತ್ತಿರ. ಆಟೊಫೋನಿಗೆ ನೇರವಾಗಿ ಹೊಂದಿಸುವುದು ಕಷ್ಟ. ಹಠಯೋಗಪ್ರದೀಪಿಕೆಯ ನಾಲ್ಕನೆಯ ಉಪದೇಶ ವರ್ಣಿಸುವ ಭೇರಿ, ಶಂಖ, ಘಂಟೆ, ವೀಣೆಗಳಂಥ ನಾದಗಳು ಸಾಧನೆಯ ಅನುಭವಗಳು. ಅವನ್ನು ರೋಗದ ಪಟ್ಟಿಗೆ ಸೇರಿಸುವುದು ಸರಿಯಲ್ಲ. ಕಿವಿ ಮುಚ್ಚಿಕೊಂಡಾಗ ಒಳಸದ್ದು ಹೆಚ್ಚುತ್ತದೆ ಎಂಬುದಂತೂ ಸಾಧಕರಿಗೆ ಗೊತ್ತಿತ್ತು.

ಕಾರಣಗಳು: ಮೂಳೆಯ ಮೂಲಕ ಕಿವಿಗಾಲುವೆಗೆ ಬಂದ ಕಂಪನ ಸಾಮಾನ್ಯವಾಗಿ ಹೊರಗೆ ಸೋರಿಹೋಗುತ್ತದೆ. ಗಟ್ಟಿಯಾದ ಗುಗ್ಗೆಯೋ ಶ್ರವಣಸಾಧನದ ಅಚ್ಚೋ ದಾರಿ ಕಟ್ಟಿದರೆ ಅದು ಒಳಗೇ ಉಳಿದು ಕಿವಿತಮಟೆಗೆ ಬಡಿಯುತ್ತದೆ. ನಡುಗಿವಿಯಲ್ಲಿ ನೀರು ತುಂಬಿದರೂ ಸ್ವಂತ ದನಿ ಗುಂಯ್‌ಗುಟ್ಟಬಹುದು.

ಎರಡನೆಯ ಕಾರಣ ಯೂಸ್ಟೇಷಿಯನ್ ನಾಳ ತೆರೆದೇ ಉಳಿಯುವುದು. ಮೂಗಿನ ಹಿಂಭಾಗವನ್ನು ನಡುಗಿವಿಗೆ ಜೋಡಿಸುವ ಈ ನಾಳ ನುಂಗುವಾಗ, ಆಕಳಿಸುವಾಗ ಮಾತ್ರ ತೆರೆಯಬೇಕು. ದೇಹದ ತೂಕ ಬೇಗ ಇಳಿದಾಗ ನಾಳದ ಸುತ್ತಲಿನ ಕೊಬ್ಬು ಕರಗಿ ಅದು ಮುಚ್ಚಿಕೊಳ್ಳದಿರಬಹುದು. ಬಸಿರಿನಲ್ಲೂ ಇದು ಕಾಣಿಸಿಕೊಳ್ಳುತ್ತದೆ. ಉಸಿರಾಟದ ಲಯಕ್ಕೆ ತಮಟೆ ಒಳಹೊರಗೆ ಆಡುವುದನ್ನು ವೈದ್ಯರು ಕಣ್ಣಾರೆ ನೋಡಬಹುದು. ಮಲಗಿದರೆ ಅಥವಾ ತಲೆಯನ್ನು ಮೊಣಕಾಲ ನಡುವೆ ಬಗ್ಗಿಸಿದರೆ ಸದ್ದು ತಗ್ಗುವುದು ಇದರ ಮುಖ್ಯ ಗುರುತು.

ಮೂರನೆಯ ಕಿಟಕಿ: ಆಟೊಫೋನಿಯ ಮೂರನೆಯ ಕಾರಣ ಒಳಗಿವಿಯಲ್ಲಿದೆ. ಒಳಗಿವಿಗೆ ಸಹಜವಾಗಿ ಎರಡು ಕಿಟಕಿಗಳಿವೆ. ರಿಕಾಪಿನಾಕಾರದ ಸ್ಟೇಪಿಸ್ ಮೂಳೆ ಅಂಡಾಕಾರದ ಕಿಟಕಿಯನ್ನು ಒಳಕ್ಕೆ ನೂಕಿದಾಗ ದುಂಡು ಕಿಟಕಿ ಹೊರಕ್ಕೆ ಉಬ್ಬುತ್ತದೆ. ನಡುವಿನ ದ್ರವ ಅಲುಗಿ ಶಬ್ದ ಕೇಳಿಸುತ್ತದೆ. 1929ರಲ್ಲಿ ಇಟಲಿಯ ವಿಜ್ಞಾನಿ ಪಿಯೆತ್ರೊ ತುಲ್ಲಿಯೊ ಪಾರಿವಾಳಗಳ ಒಳಗಿವಿಯಲ್ಲಿ ಸಮತೋಲನ ಕಾಯುವ ಅರ್ಧವೃತ್ತ ನಾಳಗಳಲ್ಲಿ ತೂತು ಕೊರೆದು, ಶಬ್ದ ಮಾಡಿದರೆ ಅವುಗಳ ಕಣ್ಣು, ತಲೆ ಚಲಿಸುವುದನ್ನು ವಿವರಿಸಿದ. ಮನುಷ್ಯರಲ್ಲೂ ದೊಡ್ಡ ಸದ್ದಿಗೆ ತಲೆಸುತ್ತು ಬರುವುದನ್ನು ವೈದ್ಯರು ಬಲ್ಲರಾದರೂ ಅದರ ಒಂದು ಮುಖ್ಯ ಕಾರಣ ಬಹುಕಾಲ ಕೈಗೆ ಸಿಗಲಿಲ್ಲ. 1998ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ವೈದ್ಯ ಲಾಯ್ಡ್ ಮೈನರ್ ಮತ್ತು ಸಹೋದ್ಯೋಗಿಗಳು ಇಂಥ 8 ರೋಗಿಗಳ ವರದಿ ಪ್ರಕಟಿಸಿದರು. ಸದ್ದಿಗೆ ಕಣ್ಣು ಹೊರಳುವ ದಿಕ್ಕು ಮೇಲಿನ ಅರ್ಧವೃತ್ತ ನಾಳದ ಸಮತಲಕ್ಕೆ ಹೊಂದುತ್ತಿತ್ತು. ಸಿ.ಟಿ. ಸ್ಕ್ಯಾನ್‌ನಲ್ಲಿ ನೋಡಿದರೆ, ಆ ನಾಳಕ್ಕೂ ಮಿದುಳಿಗೂ ನಡುವಿನ ಮೂಳೆಯ ಚಾವಣಿಯೇ ಬಿಟ್ಟುಹೋಗಿತ್ತು.

ಈ ತೂತೇ ಮೂರನೆಯ ಕಿಟಕಿ. ಹೊರಗಿನಿಂದ ಬಂದ ಶಬ್ದದ ಬಲ ಅಲ್ಲಿ ಸೋರುವುದರಿಂದ ಕೆಳಸ್ಥಾಯಿಯ ಶ್ರವಣ ಕುಗ್ಗುತ್ತದೆ. ಮೂಳೆಯ ಮೂಲಕ ಬಂದದ್ದು ಮಾತ್ರ ಹೆಚ್ಚು ಕೇಳಿಸುತ್ತದೆ. ಕಂಪಿಸುವ ಶ್ರುತಿಕವೆಯನ್ನು ಕಾಲಿನ ಹರಡಿನ ಮೇಲಿಟ್ಟರೆ ಕೆಲವರಿಗೆ ದೋಷವಿರುವ ಕಿವಿಯಲ್ಲಿ ಅದು ಕೇಳಿಸುತ್ತದೆ. ಶ್ರವಣ ಪರೀಕ್ಷೆಯ ನಕ್ಷೆ ಸ್ಟೇಪಿಸ್ ಬಿಗಿದುಕೊಳ್ಳುವ ಓಟೊಸ್ಕ್ಲೆರೋಸಿಸ್‌ನ ನಕ್ಷೆಯಂತೆಯೇ ಕಾಣುವುದರಿಂದ ಅನಗತ್ಯ ಶಸ್ತ್ರಚಿಕಿತ್ಸೆಗೆ ಒಳಗಾದವರಿದ್ದಾರೆ. ಶಬ್ದಕ್ಕೆ ನಡುಗಿವಿಯ ಸ್ನಾಯು ಪ್ರತಿಕ್ರಿಯಿಸುತ್ತಿದ್ದರೆ ಶಸ್ತ್ರಕ್ಕೆ ಕೈಹಾಕುವ ಮುನ್ನ ಮೂರನೆಯ ಕಿಟಕಿಯನ್ನು ಶಂಕಿಸಲೇಬೇಕು. ಇತ್ತ ಸ್ಕ್ಯಾನ್ ಒಂದನ್ನೇ ನಂಬುವುದೂ ತರವಲ್ಲ: ತೆಳುವಾದ ಮೂಳೆ ಅದರಲ್ಲಿ ಇಲ್ಲದಂತೆ ತೋರಬಹುದು. 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಳಗಿವಿಯನ್ನು ಒಳಗೊಂಡ 1,000 ಟೆಂಪೊರಲ್ ಮೂಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ನಿಜವಾದ ತೂತು ಕಂಡದ್ದು ಸುಮಾರು ಶೇಕಡ 0.5ರಲ್ಲಿ. ಸ್ಕ್ಯಾನ್ ಜೊತೆಗೆ ಶಬ್ದಕ್ಕೆ ಸಮತೋಲನ ಅಂಗದ ಪ್ರತಿಕ್ರಿಯೆಯನ್ನು ಸ್ನಾಯುಗಳಲ್ಲಿ ಅಳೆಯುವ ವೆಂಪ್ ಪರೀಕ್ಷೆಯ ಫಲಿತಾಂಶವೂ ರೋಗಿಯ ಅನುಭವವೂ ಹೊಂದಬೇಕು.

ಉಪಶಮನ: ಗುಗ್ಗೆಯನ್ನು ವೈದ್ಯರಿಂದಲೇ ತೆಗೆಸಬೇಕು, ಪಿನ್ನು, ಕಡ್ಡಿ ಹಾಕಬಾರದು. ಶ್ರವಣಸಾಧನದ ಅಚ್ಚಿಗೆ ಗಾಳಿಕಂಡಿ ಮಾಡಿಸಿದರೆ ದನಿಯ ಮೊಳಗು ಇಳಿಯುತ್ತದೆ. ಯೂಸ್ಟೇಷಿಯನ್ ನಾಳ ತೆರೆದೇ ಉಳಿದವರಲ್ಲಿ ಸಾಕಷ್ಟು ನೀರು ಕುಡಿಯುವುದು, ಕಳೆದ ತೂಕವನ್ನು ಮರಳಿ ಪಡೆಯುವುದು, ಮೂಗಿಗೆ ಉಪ್ಪುನೀರಿನ ಹನಿ ಹಾಕುವುದು ಹಲವರಿಗೆ ಸಾಕಾಗುತ್ತದೆ. ಮೂಗುಕಟ್ಟಿದೆಯೆಂದು ಭಾವಿಸಿ ಅದನ್ನು ಬಿಡಿಸುವ ಔಷಧ ತೆಗೆದುಕೊಂಡರೆ ತೊಂದರೆ ಹೆಚ್ಚಬಹುದು. ಮೂಗನ್ನು ಸೊರ್ರನೆ ಒಳಕ್ಕೆಳೆದರೆ ಕ್ಷಣಕಾಲ ಹಾಯೆನಿಸುತ್ತದೆ, ಆದರೆ ರೂಢಿಯಾದರೆ ತಮಟೆ ಒಳಸೆಳೆದುಕೊಂಡು ಹಾಳಾಗುತ್ತದೆ. ಮೂರನೆಯ ಕಿಟಕಿಯ ತೊಂದರೆ ಸಹಿಸುವಂತಿದ್ದರೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ಬದುಕಿಗೇ ಅಡ್ಡಿಯಾದಾಗ ಆ ಅರ್ಧವೃತ್ತ ನಾಳವನ್ನು ಮುಚ್ಚುತ್ತಾರೆ ಅಥವಾ ತೂತಿಗೆ ಹೊದಿಕೆ ಹಾಕುತ್ತಾರೆ. ಶ್ರವಣ ಕುಂದುವ ಅಪಾಯವಿರುವುದರಿಂದ ಈ ಕೆಲಸ ಅನುಭವಿಗಳ ಕೈಯಲ್ಲೇ ಆಗಬೇಕು.

ಸುತ್ತಲಿನ ಗದ್ದಲ ಒಳಸದ್ದನ್ನು ಮರೆಮಾಡುತ್ತದೆ. ಮಹಾರಾಷ್ಟ್ರದ ಯೇವಲಾ, ಕರ್ನಾಟಕದ ಇಳಕಲ್ಲಿನಂಥ ನೇಕಾರರ ಊರುಗಳಲ್ಲಿ ಹಗಲೆಲ್ಲ ಮಗ್ಗದ ಸದ್ದಿನಲ್ಲಿರುವವರಿಗೆ ಇಂಥ ತೊಂದರೆಯಿದ್ದರೆ ಅದು ರಾತ್ರಿಯೇ ಎದ್ದು ಕಾಣಬಹುದು. ಹಾಸಿಗೆಯ ಪಕ್ಕ ಫ್ಯಾನಿನ ಮೆಲುಸದ್ದು ಇದ್ದರೆ ನಿದ್ದೆಗೆ ಅನುಕೂಲ.

ಕರ್ನಾಟಕದಲ್ಲಿ ಶ್ರವಣ ತಪಾಸಣೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ವೈದ್ಯರ ಬಳಿ ಹೋಗುವ ಮುನ್ನ ಯಾವ ಸದ್ದು, ಯಾವ ಕಿವಿ, ಮಲಗಿದರೆ ತಗ್ಗುತ್ತದೆಯೇ, ಜೋರು ಸದ್ದಿಗೆ ತಲೆ ಸುತ್ತುತ್ತದೆಯೇ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಒಂದೇ ಕಿವಿಯಲ್ಲಿ ನಾಡಿಯೊಡನೆ ಬಡಿಯುವ ಸದ್ದು ರಕ್ತನಾಳದ ದೋಷದಿಂದಲೂ ಬರಬಹುದಾದ್ದರಿಂದ ತಡಮಾಡದೆ ತೋರಿಸಿಕೊಳ್ಳಬೇಕು.